ಹಳೇ ಆರ್ಕೇಡ್ ಆಟದಲ್ಲಿ ಬಗ್ ಹುಡುಕೋದು ಅಂದ್ರೆ

ನಾನು ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಲೀಡ್. ಇತ್ತೀಚೆಗೆ ನಮ್ಮ ಟೀಮಿಗೆ ಜಾಸ್ತಿ ಬರ್ತಿರೋದು ಹಳೇ ಆರ್ಕೇಡ್ ಆಟಗಳ, ಅಂದ್ರೆ ನಾಣ್ಯ ಹಾಕಿ ದೊಡ್ಡ ಪೆಟ್ಟಿಗೆ ಮುಂದೆ ನಿಂತು ಆಡ್ತಿದ್ದ ಆಟಗಳ ಸಂಕಲನಗಳು. 1980, 90ರ ದಶಕದ ಹತ್ತಾರು ಆಟಗಳನ್ನ ಒಟ್ಟುಗೂಡಿಸಿ, ಸೇವ್, ರಿವೈಂಡ್ ಎಲ್ಲ ಸೇರಿಸಿ, ಕೈಯಲ್ಲಿ ಹಿಡಿದು ಆಡೋ ಕನ್ಸೋಲಿಗೆ ಹೊಸದಾಗಿ ಸಿದ್ಧ ಮಾಡಿರ್ತಾರೆ. ಯಾವ ಆಟಗಳು ಅಂತ ಹೇಳೋ ಹಾಗಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದ್ದೀನಿ. ಹಾಗಾಗಿ ಎಲ್ಲರಿಗೂ ಗೊತ್ತಿರೋ ಆಟಗಳನ್ನೇ ಉದಾಹರಣೆಗೆ ತಗೊಳ್ತೀನಿ.

ಮಾಮೂಲಿ ಪ್ರಾಜೆಕ್ಟಿನಲ್ಲಿ ಡಿಸೈನ್ ಡಾಕ್ಯುಮೆಂಟ್ ಇರುತ್ತೆ. ಅದರಲ್ಲಿ ಬರೆದಿದ್ದಕ್ಕೂ ಪರದೆ ಮೇಲೆ ಕಂಡಿದ್ದಕ್ಕೂ ತಾಳೆ ಆಗದಿದ್ರೆ ಬಗ್. ಇಲ್ಲಿ ಅದಿಲ್ಲ. ಇರೋದು ಆ ಪೆಟ್ಟಿಗೆಯೊಳಗೆ ಆಟ ನಡೆಸ್ತಿದ್ದ ಹಳೇ ಸರ್ಕ್ಯೂಟ್ ಬೋರ್ಡ್ ಒಂದೇ. ಅದು ಮಾಡಿದ್ದೇ ಸರಿ, ಅದರ ತಪ್ಪೂ ಸೇರಿ.

1980ರ ಪ್ಯಾಕ್-ಮ್ಯಾನ್ ನೋಡಿ. ಹಂತದ ಲೆಕ್ಕ ಇಡೋದು ಒಂದೇ ಬೈಟಿನಲ್ಲಿ, ಅಂದ್ರೆ 0ಯಿಂದ 255ರವರೆಗೆ ಮಾತ್ರ ಹಿಡಿಸೋ ಜಾಗದಲ್ಲಿ. 256ನೇ ಹಂತಕ್ಕೆ ಬಂದಾಗ ಆ ಲೆಕ್ಕ ತುಂಬಿ ಚೆಲ್ಲಿ, ಕೆಳಗೆ ಹಣ್ಣುಗಳ ಚಿತ್ರ ಬಿಡಿಸೋ ಭಾಗ ದಿಕ್ಕು ತಪ್ಪುತ್ತೆ. ಪರದೆಯ ಬಲ ಅರ್ಧ ಪೂರ್ತಿ ಅಕ್ಷರ, ಚೂರುಪಾರು ಚಿತ್ರಗಳ ಕಸ. ಆ ಹಂತ ಮುಗಿಸೋಕೇ ಆಗಲ್ಲ. ಹೊಸ ಹುಡುಗರು ಇಂಥದ್ದು ಕಂಡ ತಕ್ಷಣ ಅತ್ಯಂತ ಗಂಭೀರ ಅನ್ನೋ ದರ್ಜೆಯಲ್ಲಿ ಬಗ್ ಹಾಕ್ತಾರೆ. ನಾವು 'ಮೂಲದಲ್ಲೇ ಹೀಗಿದೆ' ಅಂತ ಬರೆದು ಮುಚ್ತೀವಿ. ಆ ಹಂತ ಚೊಕ್ಕಟವಾಗಿ ಬಂದ್ರೆ ಮಾತ್ರ ಬಗ್ ಹಾಕಬೇಕು.

1978ರ ಸ್ಪೇಸ್ ಇನ್ವೇಡರ್ಸ್ ಕಥೆಯೂ ಇದೇ. ಒಟ್ಟು 55 ಶತ್ರುಗಳು. ಆ ಬೋರ್ಡ್ ಪರದೆ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರ (ಫ್ರೇಮ್) ಬಿಡಿಸುತ್ತೆ, ಒಂದು ಫ್ರೇಮಿಗೆ ಒಂದೇ ಶತ್ರುವನ್ನ ಸರಿಸುತ್ತೆ, ಹಾಗಾಗಿ ಇಡೀ ಪಡೆ ಒಂದು ಹೆಜ್ಜೆ ಇಡೋಕೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಸಾಯಿಸ್ತಾ ಹೋದ ಹಾಗೆ ಉಳಿದವರ ಸರದಿ ಬೇಗ ಬೇಗ ಬರುತ್ತೆ, ಕೊನೆಯವನು ಓಡ್ತಾನೆ. ಆಟ ಮಾಡಿದ ತೊಮೊಹಿರೊ ನಿಶಿಕಾಡೊ ಇದನ್ನ ಹಾಗೇ ಉಳಿಸಿಕೊಂಡ್ರು. ಪ್ರೊಸೆಸರ್ ಈಗ ಎಷ್ಟೋ ಪಟ್ಟು ವೇಗ ಅಂತ ಎಲ್ಲರನ್ನೂ ಒಂದೇ ಸಲ ಸರಿಸಿಬಿಟ್ರೆ, ಚಲನೆ ನಯವಾಗುತ್ತೆ, ಎದೆ ಡವಡವ ಅನ್ನೋದು ನಿಲ್ಲುತ್ತೆ.

ಇಷ್ಟು ಹೊತ್ತು ಹೇಳಿದ್ದು ಪ್ರೋಗ್ರಾಮ್ ಮಾಡ್ತಿದ್ದ ಕೆಲಸ. ನಿಜವಾದ ತಲೆನೋವು ಬರೋದು ಕ್ಯಾಬಿನೆಟ್ ಮಾಡ್ತಿದ್ದ ಕೆಲಸದಿಂದ. ಆ ದೊಡ್ಡ ಮರದ ಪೆಟ್ಟಿಗೆ, ಅದರ ಮಾನಿಟರ್, ಅದರ ಸ್ಟಿಕ್ ಸಂಕಲನದ ಜೊತೆ ಬರಲ್ಲ. ಪ್ರೋಗ್ರಾಮನ್ನ ಮುಟ್ಟಬಾರದು, ಪೆಟ್ಟಿಗೆಯನ್ನ ಹೊಸದಾಗಿ ಕಟ್ಟಬೇಕು. ಟೀಮಿಗೆ ಸೇರಿದವರಿಗೆ ಮೊದಲ ವಾರ ನಾನು ಕಲಿಸೋದು ಇದೊಂದನ್ನೇ.

ಸ್ಟಿಕ್ ವಿಷಯ ತಗೊಳ್ಳಿ. ಪ್ಯಾಕ್-ಮ್ಯಾನ್ ಪೆಟ್ಟಿಗೆಯಲ್ಲಿದ್ದದ್ದು ನಾಲ್ಕೇ ದಿಕ್ಕಿನ ಸ್ಟಿಕ್, ಓರೆಗೆ ಹೋಗೋ ಮಾತೇ ಇಲ್ಲ. ಪ್ಯಾಕ್-ಮ್ಯಾನ್ ತಿರುವಿನ ಮಧ್ಯಕ್ಕೆ ತಲುಪೋಕೆ ಕೆಲವು ಪಿಕ್ಸೆಲ್ ಮೊದಲೇ ಮೂಲೆ ಕತ್ತರಿಸಿಕೊಂಡು ತಿರುಗಬಲ್ಲ, ದೆವ್ವಗಳಿಗೆ ಅದು ಆಗಲ್ಲ. ಪಳಗಿದವರು ತಪ್ಪಿಸಿಕೊಳ್ಳೋದೇ ಹೀಗೆ. ಈಗ ಹ್ಯಾಂಡ್‌ಹೆಲ್ಡ್‌ನ ಡಿ-ಪ್ಯಾಡ್ (ಕೂಡಿಸು ಗುರುತಿನ ಆಕಾರದ ದಿಕ್ಕಿನ ಬಟನ್) ಮೇಲೆ ಹೆಬ್ಬೆರಳು ಬಲದಿಂದ ಮೇಲಕ್ಕೆ ಜಾರುವಾಗ, ಕೆಲವು ಫ್ರೇಮ್ ಎರಡೂ ಒತ್ತಿಕೊಂಡಿರುತ್ತೆ. ಎರಡು ದಿಕ್ಕು ಒಟ್ಟಿಗೆ ಬರಬಹುದು ಅಂತ ಆ ಪ್ರೋಗ್ರಾಮ್ ಬರೆದವರು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ಹಳೇ ಬೋರ್ಡಿನ ಹಾಗೆ ನಟಿಸಿ ಆ ಪ್ರೋಗ್ರಾಮನ್ನ ಹೊಸ ಕನ್ಸೋಲಲ್ಲಿ ಓಡಿಸೋ ಸಾಫ್ಟ್‌ವೇರ್, ಅಂದ್ರೆ ಮಧ್ಯದ ಎಮ್ಯುಲೇಟರ್, ಹೊಸದಾಗಿ ಒತ್ತಿದ ದಿಕ್ಕನ್ನ ಮಾತ್ರ ಕೊಟ್ಟು ಹಳೇದನ್ನ ತಡೆಹಿಡಿಯಬೇಕು. ಇಲ್ಲದಿದ್ರೆ ತಿರುವು ಕೈತಪ್ಪುತ್ತೆ, ಆಡೋನು ತನ್ನ ಕೈಯನ್ನೇ ಬೈಕೊಳ್ತಾನೆ. ಇದನ್ನ ಸಾಬೀತು ಮಾಡೋಕೆ ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಫ್ರೇಮಿನಲ್ಲಿ ಹೆಬ್ಬೆರಳು, ಪರದೆ ಎರಡೂ ಕಾಣೋ ಹಾಗೆ ಶೂಟ್ ಮಾಡಿ, ಒತ್ತಿದ್ದಕ್ಕೂ ತಿರುಗಿದ್ದಕ್ಕೂ ನಡುವೆ ಎಷ್ಟು ಫ್ರೇಮ್ ಹೋಯ್ತು ಅಂತ ಎಣಿಸ್ತೀವಿ. ಬೇಜಾರಿನ ಕೆಲಸ, ಆದ್ರೆ ವಾದ ಅಲ್ಲಿಗೇ ಮುಗಿಯುತ್ತೆ.

ಪರದೆಯದ್ದು ಬರೀ ಗುಣಾಕಾರ. ಪ್ಯಾಕ್-ಮ್ಯಾನ್ ಚಿತ್ರ 224 ಪಿಕ್ಸೆಲ್ ಅಗಲ, 288 ಎತ್ತರ. ನಿಂಟೆಂಡೊ ಸ್ವಿಚ್‌ನ ಪರದೆ 1280 ಅಗಲ, 720 ಎತ್ತರ. ಎತ್ತರ ತುಂಬಿಸಬೇಕಾದ್ರೆ ಎರಡೂವರೆ ಪಟ್ಟು ಹಿಗ್ಗಿಸಬೇಕು. ಅರ್ಧ ಪಿಕ್ಸೆಲ್ ಅನ್ನೋದು ಇಲ್ಲವಲ್ಲ, ಹಾಗಾಗಿ ಗೋಡೆಯ ಒಂದು ಗೆರೆ ದಪ್ಪ, ಪಕ್ಕದ್ದು ಸಣ್ಣ. ಸರಿಯಾಗಿ ಎರಡು ಪಟ್ಟು ಮಾಡಿದ್ರೆ ಚಿತ್ರ ಚಿಕ್ಕದಾಗಿ ಸುತ್ತ ಕಪ್ಪು. ಕನ್ಸೋಲನ್ನ ಉದ್ದುದ್ದ ತಿರುಗಿಸಿ ಹಿಡಿದ್ರೆ ಮೂರು ಪಟ್ಟು ಹಿಡಿಸುತ್ತೆ, 672ಕ್ಕೆ 864. ತಿರುಗಿಸೋ ಆಯ್ಕೆಯನ್ನ ಮೆನುವಿನ ಮೂರನೇ ಪದರದಲ್ಲಿ ಬಚ್ಚಿಡೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ.

ವೇಗದ ಸಮಸ್ಯೆಗೆ ಮಾತ್ರ ಪೂರ್ತಿ ಪರಿಹಾರವೇ ಇಲ್ಲ. 1987ರ ಆರ್-ಟೈಪ್ ಅನ್ನೋ ಶೂಟಿಂಗ್ ಆಟದ ಬೋರ್ಡ್ ಸೆಕೆಂಡಿಗೆ ಸುಮಾರು 55 ಫ್ರೇಮ್ ಕೊಡುತ್ತೆ, ಪರದೆ ಕೇಳೋದು 60. ಐದು ಫ್ರೇಮನ್ನ ಎರಡೆರಡು ಸಲ ತೋರಿಸಿದ್ರೆ ಹಿನ್ನೆಲೆ ಸರಿಯುವಾಗ ತಡವರಿಸುತ್ತೆ. ಆಟವನ್ನೇ 60ಕ್ಕೆ ಓಡಿಸಿದ್ರೆ ಎಲ್ಲವೂ ಸುಮಾರು ಶೇ. 9ರಷ್ಟು ವೇಗ. ನಾನಂತೂ ತಡವರಿಕೆ ಕಡೆಗೇ. ಶತ್ರು ಯಾವಾಗ ಎಲ್ಲಿ ಬರ್ತಾನೆ ಅನ್ನೋದು ಆ ಆಟ ಬಲ್ಲವರ ಬೆರಳಿಗೇ ಗೊತ್ತಿರುತ್ತೆ. ಆದ್ರೆ ತೀರ್ಮಾನ ಕ್ಲೈಂಟ್‌ದು. ನಮ್ಮ ಕೆಲಸ ಎರಡರ ವಿಡಿಯೋನೂ ಪಕ್ಕಪಕ್ಕ ಇಟ್ಟು ಕಳಿಸೋದು.

ವಿಡಿಯೋ ಅಂದಾಗ ಇನ್ನೊಂದು. ಆ ಕಾಲದ ಎಷ್ಟೋ ಆಟಗಳು ನೆರಳನ್ನ ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ಬಿಡಿಸ್ತಿದ್ವು, ಕಣ್ಣಿಗೆ ಅರೆಪಾರದರ್ಶಕ ಅನಿಸಲಿ ಅಂತ. ಮೊನ್ನೆ ಹೊಸ ಹುಡುಗಿಯೊಬ್ಬಳು ಬಂದು, "ಮೇಡಂ, ಕನ್ಸೋಲಲ್ಲಿ ನೆರಳು ಕಾಣ್ತಿದೆ, ರೆಕಾರ್ಡಿಂಗಲ್ಲಿ ಇಲ್ವೇ ಇಲ್ಲ, ಯಾವ್ದನ್ನ ನಂಬ್ಲಿ?" ಅಂದ್ಲು. ರೆಕಾರ್ಡಿಂಗ್ 30 ಫ್ರೇಮಿಂದು. ನೆರಳಿದ್ದ ಫ್ರೇಮುಗಳನ್ನೇ ಆರಿಸಿ ಆರಿಸಿ ಬಿಟ್ಟುಬಿಟ್ಟಿತ್ತು. "ಕನ್ಸೋಲನ್ನೇ ನಂಬಮ್ಮ, 60ರಲ್ಲಿ ಇನ್ನೊಂದ್ಸಲ ರೆಕಾರ್ಡ್ ಮಾಡು" ಅಂದೆ. ಈಗ ನಮ್ಮ ಬಗ್ ಫಾರ್ಮಿನಲ್ಲಿ ಎರಡು ಕಾಲಂ ಖಾಲಿ ಬಿಟ್ರೆ ಸಬ್‌ಮಿಟ್ ಆಗಲ್ಲ: ಮೂಲ ಬೋರ್ಡಿನಲ್ಲಿ ಹೇಗಿದೆ, ವಿಡಿಯೋ ಎಷ್ಟು ಫ್ರೇಮಿನದು.