ಊರಿಂದ ಬಂದ ಅಪ್ಪ-ಅಮ್ಮ, ಕತ್ತರಿಸಿದ ಮಾತ್ರೆ ಸ್ಟ್ರಿಪ್ ಮತ್ತು ಕರೋನರ್

ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ನಾನು ಡೆಪ್ಯುಟಿ ಕರೋನರ್, ಅಂದರೆ ಸಾವು ಹೇಗಾಯಿತು ಅಂತ ತನಿಖೆ ಮಾಡುವ ಸರ್ಕಾರಿ ಕಚೇರಿಯವಳು. ಕೊಲೆ ಕೇಸುಗಳೇ ಜಾಸ್ತಿ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹೃದಯಾಘಾತ, ಬಿದ್ದು ಏಟಾದದ್ದು, ಡ್ರಗ್ಸ್, ಇವೇ ಹೆಚ್ಚು. ಅದರಲ್ಲೂ ನಮ್ಮ ಕನ್ನಡದವರ ಮನೆಗೆ ಹೋಗಬೇಕಾಗಿ ಬಂದರೆ ಸಂಗತಿ ಹೆಚ್ಚುಕಮ್ಮಿ ಒಂದೇ. ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡೋಕೋ ಬಂದ ತಂದೆ ಅಥವಾ ತಾಯಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

"ಅಪ್ಪಂಗೆ ಬಿಪಿ, ಶುಗರ್ ಎರಡೂ ಇತ್ತು. ಇದರಲ್ಲಿ ತನಿಖೆ ಮಾಡೋಕೆ ಏನಿದೆ ಮೇಡಂ?" ಅಂತ ಮಗ ಕೇಳುತ್ತಾನೆ. ಕೇಳೋದು ನ್ಯಾಯವೇ. ಆದರೆ ಇಲ್ಲಿನ ಗವರ್ನಮೆಂಟ್ ಕೋಡಿನ 27491ನೇ ಸೆಕ್ಷನ್ ಪ್ರಕಾರ, ಸಾಯುವ ಮುಂಚಿನ 20 ದಿನದಲ್ಲಿ ಡಾಕ್ಟರ್ ನೋಡಿರದಿದ್ದರೆ ಆ ಸಾವು ಕರೋನರ್ ಲೆಕ್ಕಕ್ಕೆ ಬರುತ್ತೆ. ಸಹಜ ಸಾವು ಅನ್ನಿಸಿದರೆ, ರೋಗಿಯನ್ನು ನೋಡುತ್ತಿದ್ದ ಡಾಕ್ಟರ್‌ಗೇ ಮರಣ ಸರ್ಟಿಫಿಕೇಟಿಗೆ ಸಹಿ ಹಾಕಿ ಅಂತ ನಾವು ಬಿಟ್ಟುಕೊಡಬಹುದು. ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ ಇಲ್ಲಿ ಅಂಥ ಡಾಕ್ಟರ್ ಎಲ್ಲಿರುತ್ತಾರೆ? ಮೈಸೂರಿನ ಡಾಕ್ಟರ್ ಎಷ್ಟೇ ವರ್ಷ ನೋಡಿರಲಿ, ಇಲ್ಲಿನ ಸರ್ಟಿಫಿಕೇಟಿಗೆ ಸಹಿ ಹಾಕೋ ಹಾಗಿಲ್ಲ.

ಹಾಗಾಗಿ ನಾನು ಮೊದಲು ಹುಡುಕೋದು ಮಾತ್ರೆ ಡಬ್ಬಿ. ಸಾಮಾನ್ಯವಾಗಿ ಹಳೇ ಸ್ವೀಟ್ ಬಾಕ್ಸು, ಇಲ್ಲಾ ಜಿಪ್ ಇರೋ ಪೌಚು. ಒಳಗೆ ಆರು ತಿಂಗಳಿಗೆ ಆಗುವಷ್ಟು ಸ್ಟ್ರಿಪ್‌ಗಳು. ನಮ್ಮೂರ ಮೆಡಿಕಲ್ ಶಾಪಿನವರು ಬೇಕಾದಷ್ಟೇ ಮಾತ್ರೆ ಕತ್ತರಿಸಿ ಕೊಡ್ತಾರಲ್ವಾ? ಅದೇ ತಲೆನೋವು. ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ಇನ್ನೊಂದರಲ್ಲಿ. ಕೈಗೆ ಸಿಕ್ಕ ತುಂಡಿನಲ್ಲಿ "…ಪ್ರಿಲ್ 5" ಅಂತಷ್ಟೇ ಉಳಿದಿರುತ್ತೆ. ಬಿಪಿ ಮಾತ್ರೆಗಳಾದ ರಾಮಿಪ್ರಿಲ್ಲೋ ಎನಲಾಪ್ರಿಲ್ಲೋ ಯಾರಿಗೆ ಗೊತ್ತು! ಆದರೆ ಮಗಳು ಫೋನಿನಲ್ಲಿ ಡಿಸ್ಚಾರ್ಜ್ ಸಮರಿಯದೋ ಹಳೇ ಚೀಟಿಯದೋ ಫೋಟೋ ತೋರಿಸಿದರೆ ಚಿತ್ರವೇ ಬದಲಾಗುತ್ತೆ. ಸ್ಟೆಂಟ್ ಹಾಕಿದ ದಾಖಲೆ ಇದ್ದು, ಮೈಮೇಲೆ ಗಾಯ ಇಲ್ಲದಿದ್ದರೆ, ದೇಹವನ್ನು ಕೊಯ್ಯದೆ ಹೊರಗಿನ ಪರೀಕ್ಷೆಯಲ್ಲೇ ನಮ್ಮ ಕಚೇರಿಯ ಡಾಕ್ಟರ್ ಸಾವಿನ ಕಾರಣ ಬರೆಯಲು ದಾರಿ ಇರುತ್ತೆ. ದಾಖಲೆ ಏನೂ ಇಲ್ಲದಿದ್ದರೆ ಆ ದಾರಿ ಕಿರಿದಾಗುತ್ತೆ.

ಪೋಸ್ಟ್‌ಮಾರ್ಟಂ ಬೇಡ, ನಮ್ಮ ಸಂಪ್ರದಾಯಕ್ಕೆ ವಿರುದ್ಧ ಅಂತ ಹೇಳುವವರು ತುಂಬಾ ಜನ. ಕಾನೂನಿನಲ್ಲಿ ಅದಕ್ಕೂ ಜಾಗ ಇದೆ. ಆದರೆ ಆ ಧಾರ್ಮಿಕ ಆಕ್ಷೇಪದ ಪತ್ರಕ್ಕೆ ಸತ್ತವರೇ ಬದುಕಿದ್ದಾಗ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿರಬೇಕು. ಮಗ ಈಗ ಬರೆದುಕೊಟ್ಟರೆ ನಡೆಯೋದಿಲ್ಲ. ಅಪರಾಧದ ಅನುಮಾನ ಇದ್ದರೆ ಆ ಪತ್ರವೂ ತಡೆಯೋದಿಲ್ಲ.

ಇನ್ನೊಂದು, ದೇಹವನ್ನು ಅಲುಗಾಡಿಸುವ ವಿಷಯ. ಕರೋನರ್ ಒಪ್ಪಿಗೆ ಇಲ್ಲದೆ ಇದ್ದ ಜಾಗದಿಂದ ಸರಿಸಬಾರದು ಅಂತ ಕಾನೂನು. ನಮ್ಮ ಮನೆಗಳಲ್ಲಿ ಮಂಚದಿಂದ ಇಳಿಸಿ, ತಲೆ ದಕ್ಷಿಣಕ್ಕೆ ಮಾಡಿ, ದೀಪ ಹಚ್ಚುವ ಆತುರ. ಸತ್ತ ಮೇಲೆ ರಕ್ತ ಕೆಳಗಿಳಿದು ಚರ್ಮದ ಮೇಲೆ ಕೆನ್ನೀಲಿ ಕಲೆ ನಿಲ್ಲುತ್ತೆ, ಅದರಿಂದ ಹೇಗೆ ಮಲಗಿದ್ದರು ಅಂತ ತಿಳಿಯುತ್ತೆ. ಫೋಟೋ ತೆಗೆದ ಮೇಲೆ ಕೇಳಿದರೆ ನಾನಂತೂ ದೀಪಕ್ಕೆ, ತುಳಸಿ ನೀರಿಗೆ ಬೇಡ ಅಂದಿಲ್ಲ. ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಅವರು ಹೇಳಿದಂತೆ ಎದೆ ಒತ್ತಲು ಕೆಳಗಿಳಿಸಿದ್ದರೆ ಅದು ತಪ್ಪಲ್ಲ. ಸುಮ್ನೆ ಹಾಗೇ ಹೇಳಿಬಿಡಿ.

ಸತ್ತವರ ಮೈಮೇಲಿದ್ದ ಒಡವೆಗಳ ಪಟ್ಟಿಯಲ್ಲಿ ಮಾಂಗಲ್ಯವನ್ನು "ಹಳದಿ ಲೋಹದ ಸರ" ಅಂತಲೇ ಬರೆಯುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ, ಚಿನ್ನ ಹೌದೋ ಅಲ್ಲವೋ ಹೇಳೋಕೆ ನಾವು ಅಕ್ಕಸಾಲಿಗರಲ್ಲ.

ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರೇ ಕರೋನರ್. ಮನೆಗೆ ಯೂನಿಫಾರಂ ಬಂದ ಕೂಡಲೇ ಊರಿನ ಯುಡಿಆರ್ (ಅಸಹಜ ಸಾವಿಗೆ ಪೊಲೀಸರು ದಾಖಲಿಸುವ) ಕೇಸು ನೆನಪಾಗಿ ಜನ ಹೆದರುತ್ತಾರೆ, ಕೆಲವರು ಮಾತನ್ನೇ ನುಂಗುತ್ತಾರೆ. ಅಮ್ಮ ಹೋದ ತಿಂಗಳು ಬಾತ್‌ರೂಮಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು ಅನ್ನೋದನ್ನು ಮುಚ್ಚಿಡುತ್ತಾರೆ. ಆಮೇಲೆ ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲೇ ತೀರಿಕೊಂಡರೂ ಅದು ನಮಗೆ ಬರಲೇಬೇಕಾದ ಕೇಸು. ಏಟು ಹಳೆಯದಿರಲಿ, ಹೊಸದಿರಲಿ, ಸಾವಿಗೆ ಕಾರಣ ಅನ್ನಿಸಿದರೆ ತಿಳಿಸಬೇಕು ಅನ್ನುತ್ತೆ ಕಾನೂನು. ಸರ್ಟಿಫಿಕೇಟಿನಲ್ಲಿ "ಆಕ್ಸಿಡೆಂಟ್" ಅಂತ ಬರುತ್ತೆ. ಅದು ಯಾರ ಮೇಲೂ ಹೊರಿಸಿದ ತಪ್ಪಲ್ಲ. ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ನಾವು ಎಲ್ಲೂ ಬರೆಯೋದಿಲ್ಲ, ಹಾಗೆ ಬರೆಯೋ ಕಾಲಂ ಕೂಡ ಅದರಲ್ಲಿಲ್ಲ.