ಫೀಲ್ಡಿಂಗ್‌ನ ಕುರಿ ಹರಾಜು ಮತ್ತು ಗುಲಾಬಿ ಗುಳಿಗೆ

ನ್ಯೂಜಿಲೆಂಡ್‌ಗೆ ಹೋಗಿ ಬಂದವರು ಸರೋವರ, ಹಿಮದ ಬೆಟ್ಟ, ಬಿಸಿನೀರಿನ ಬುಗ್ಗೆಗಳ ಫೋಟೋ ತೋರಿಸುತ್ತಾರೆ. ನಾವೂ ಅವನ್ನೆಲ್ಲ ನೋಡಿದೆವು. ಬಿಸಿನೀರಿನ ಬುಗ್ಗೆಗಳ ಊರಾದ ರೊಟೊರುವಾದಲ್ಲಿ ಟಿಕೆಟ್, ಕ್ಯೂ, ಅಂಗಡಿಗಳೇ ಜಾಸ್ತಿ ಅನ್ನಿಸಿತು. ವೆಲಿಂಗ್ಟನ್ ತುಂಬಾ ಇಷ್ಟವಾಯಿತು, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಇವತ್ತಿಗೂ ಸುತ್ತುತ್ತಿರುವುದು ಫೀಲ್ಡಿಂಗ್ ಎಂಬ ಸಣ್ಣ ಊರು. ನಮ್ಮ ಜೊತೆ ಬಂದವರು ಯಾರೂ ಅದರ ಹೆಸರು ಕೇಳಿರಲಿಲ್ಲ. ನಾನೇ ಹಟ ಹಿಡಿದು ಕರೆದುಕೊಂಡು ಹೋದೆ.

ಅಪ್ಪ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದರು. ಜಾನುವಾರು ವ್ಯಾಪಾರ ಅಂದರೆ ನನಗೆ ಚಿಕ್ಕಂದಿನಿಂದ ಕುತೂಹಲ. ಫೀಲ್ಡಿಂಗ್‌ನಲ್ಲಿ ಊರಿನ ನಟ್ಟನಡುವೆ, ಅಂಗಡಿ ಬೀದಿಯ ಪಕ್ಕದಲ್ಲೇ, 1880ರಿಂದ ಕುರಿ-ದನದ ಹರಾಜು ನಡೆಯುತ್ತಿದೆ ಎಂದು ಓದಿದ್ದೆ. ಅಷ್ಟೇ ಸಾಕಿತ್ತು.

ಊರು ಇರುವುದು ಉತ್ತರ ದ್ವೀಪದ ಮಾನವಟು ಸೀಮೆಯಲ್ಲಿ, ಪಾಮರ್‌ಸ್ಟನ್ ನಾರ್ತ್‌ನಿಂದ ಸುಮಾರು 20 ಕಿ.ಮೀ. ದೂರ. ಮೊದಲು ಇದು ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ನೆಲ, ದಟ್ಟ ಕಾಡು. ನ್ಗಾತಿ ಕೌಫಾಟಾ ಕುಲದವರು ಈಗಲೂ ಈ ಸುತ್ತಿನಲ್ಲಿದ್ದಾರೆ. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಒಂದು ವಲಸೆ ಕಂಪನಿಗಾಗಿ ಕರ್ನಲ್ ಫೀಲ್ಡಿಂಗ್ ಎಂಬಾತ ಬಂದು ಇಲ್ಲಿ 1,06,000 ಎಕರೆ ಕೊಂಡ. 1874ರಲ್ಲಿ ವಲಸಿಗರು ಬಂದು ನೆಲೆಸಿದರು. ಕಾಡು ಕಡಿದು, ಸುಟ್ಟು, ಬೂದಿಯ ಮೇಲೆ ಹುಲ್ಲಿನ ಬೀಜ ಚೆಲ್ಲಿ ಹೊಲ ಮಾಡಿದರು. 1882ರಲ್ಲಿ ಡ್ಯುನೆಡಿನ್ ಎಂಬ ಹಡಗು ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ಲಂಡನ್‌ಗೆ ಮುಟ್ಟಿಸಿತು. ಅಲ್ಲಿಯವರೆಗೆ ಮುಖ್ಯವಾಗಿ ಉಣ್ಣೆಗೆ, ಕೊಬ್ಬಿಗೆ ಬೆಲೆಯಿದ್ದ ಕುರಿಗೆ ಮಾಂಸದ ಬೆಲೆಯೂ ಬಂತು. ಹರಾಜು ಕಟ್ಟೆಗಳಿಗೆ ಜೀವ ಬಂದಿದ್ದು ಆಗಲೇ.

ಹರಾಜಿನ ಹಿಂದಿನ ರಾತ್ರಿ ರೂಮಿನಲ್ಲಿ ಕೂತು 'ಫೀಲ್ಡಿಂಗ್ ಸ್ಟಾರ್' ಎಂಬ ಹಳೆಯ ಪತ್ರಿಕೆ ಓದಿದೆ. ಆ ದೇಶದ ರಾಷ್ಟ್ರೀಯ ಗ್ರಂಥಾಲಯ ಬಹಳಷ್ಟು ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ 'ಪೇಪರ್ಸ್ ಪಾಸ್ಟ್' ಹೆಸರಿನಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದೆ. ಇದಕ್ಕಿಂತ ಒಳ್ಳೆಯ ಕೆಲಸವನ್ನು ಒಂದು ಸರ್ಕಾರ ಮಾಡಲಾರದು ಅನ್ನಿಸಿತು. ಹರಾಜಿನ ಹಳೆಯ ದರ ನೋಡೋಣ ಎಂದು ಕೂತವಳು ಬೆಳಗಿನ ಜಾವದವರೆಗೂ ಏಳಲಿಲ್ಲ.

1900ರ ಆಸುಪಾಸಿನ ಪುಟಗಳು. ಮೊದಲು ಹರಾಜುದಾರರ ಪಟ್ಟಿಗಳು: ಎರಡು ಹಲ್ಲಿನ ಕುರಿ ಇಷ್ಟು, ಕೊಬ್ಬಿದ ಟಗರು ಇಷ್ಟು, ಇನ್ನೇನು ಈಯಲಿರುವ ಪಡ್ಡೆ ಹಸು ಇಷ್ಟು. ಅವುಗಳ ಪಕ್ಕದಲ್ಲೇ ಔಷಧಿ. ಬೀಚಮ್ಸ್ ಗುಳಿಗೆ, ಡೋನ್ಸ್ ಬೆನ್ನುನೋವಿನ ಗುಳಿಗೆ, ಮದರ್ ಸೀಗೆಲ್ ಸಿರಪ್, ಚೇಂಬರ್ಲೇನ್ಸ್ ಕೆಮ್ಮಿನ ಔಷಧಿ. ಹಸುವಿನ ಬಾಯಿಗೆ ಹೊಯ್ಯುವ ಔಷಧಿ ಸೈಕ್ಸ್ ಡ್ರೆಂಚ್. ಕರು ಹಾಕಿದ ಹಸು ಚೇತರಿಸಿಕೊಂಡಿತು ಎಂದು ರೈತನ ಪತ್ರ ಒಂದು ಕಡೆ, ಹೆತ್ತ ಹೆಂಗಸು ಚೇತರಿಸಿಕೊಂಡಳು ಎಂದು ಆಕೆಯದೇ ಪತ್ರ ಇನ್ನೊಂದು ಕಡೆ. ಎರಡಕ್ಕೂ ಒಂದೇ ಧಾಟಿ.

ಊರ ಸುದ್ದಿಯ ನಡುವೆಯೂ ಔಷಧಿ ನುಗ್ಗಿಬಿಡುತ್ತದೆ. ಸೇತುವೆ ರಿಪೇರಿ, ಯಾರದೋ ಕುದುರೆ ಓಡಿಹೋದದ್ದು, ಅದರ ಕೆಳಗೆ ಒಂದೇ ಸಾಲು: ಮಕ್ಕಳ ಒಣಕೆಮ್ಮಿಗೆ ವುಡ್ಸ್ ಗ್ರೇಟ್ ಪೆಪ್ಪರ್‌ಮಿಂಟ್ ಕ್ಯೂರ್, 1 ಶಿಲ್ಲಿಂಗ್ 6 ಪೆನ್ಸ್, 2 ಶಿಲ್ಲಿಂಗ್ 6 ಪೆನ್ಸ್. ಕೆಲವು ದಿನ ಇದೇ ಔಷಧಿಯ ಮೇಲೆ ಪ್ರಾಸ ಕಟ್ಟಿದ ಪದ್ಯ. ಡಾಕ್ಟರ್ ವಿಲಿಯಮ್ಸ್ ಪಿಂಕ್ ಪಿಲ್ಸ್ ಎಂಬ ಗುಲಾಬಿ ಗುಳಿಗೆಯವರಂತೂ ಪೂರಾ ಸುದ್ದಿಯ ವೇಷದಲ್ಲೇ ಬರುತ್ತಿದ್ದರು. ಯಾವುದೋ ಊರಿನ ಹೆಂಗಸು, ಅವಳ ಮನೆ, ಅವಳ ಕಷ್ಟ ಎಂದು ಶುರುವಾಗುತ್ತದೆ. ಹಾಲು ಕರೆಯಲು ಕೂತರೆ ಏಳಲಾಗುತ್ತಿರಲಿಲ್ಲ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಊಟ ಸೇರುತ್ತಿರಲಿಲ್ಲ, ರಾತ್ರಿ ಸುಮ್ನೆ ಅಳು ಬರುತ್ತಿತ್ತು, ಈ ಥರ. ಓದುತ್ತಾ ಓದುತ್ತಾ ಕೊನೆಯಲ್ಲಿ ಗುಳಿಗೆ. ಡಬ್ಬಿಗೆ 3 ಶಿಲ್ಲಿಂಗ್, ಆರು ಡಬ್ಬಿಗೆ 16 ಶಿಲ್ಲಿಂಗ್ 6 ಪೆನ್ಸ್.

ಈ ಗುಳಿಗೆಯ ಹಕ್ಕನ್ನು 1890ರಲ್ಲಿ ಕೆನಡಾದ ಬ್ರಾಕ್‌ವಿಲ್‌ನ ಜಾರ್ಜ್ ಫುಲ್‌ಫರ್ಡ್ ಎಂಬಾತ 53 ಡಾಲರ್ 1 ಸೆಂಟ್‌ಗೆ ಕೊಂಡಿದ್ದ. ಬರೀ ಜಾಹೀರಾತಿನ ಬಲದಿಂದ ಅದನ್ನು ಪ್ರಪಂಚವೆಲ್ಲ ಮಾರಿ ಕೋಟ್ಯಧೀಶನಾದ. ಒಳಗಿದ್ದದ್ದು ಮುಖ್ಯವಾಗಿ ಕಬ್ಬಿಣದ ಸಲ್ಫೇಟ್. ರಕ್ತ ಕಡಿಮೆ ಇದ್ದವರಿಗೆ ಒಂದಿಷ್ಟು ಗುಣ ಆಗಿರಲೂಬಹುದು. ಆದರೆ ಪಾರ್ಶ್ವವಾಯುವಿಗೂ ಅದೇ, ಸಂಧಿವಾತಕ್ಕೂ ಅದೇ ಎಂದು ಮಾರಿದ್ದು ಅನ್ಯಾಯ ಅಲ್ವಾ?

ಆದರೂ ಆ ಪತ್ರಗಳನ್ನು ನಾನು ಬಿಟ್ಟೇಳಲಾಗಲಿಲ್ಲ. ಅವುಗಳಲ್ಲಿ ಎಷ್ಟು ಸಾಲು ಕಂಪನಿಯವರೇ ಬರೆದದ್ದೋ, ಇರಲಿ. ಆ ಪತ್ರಿಕೆಯ ಉಳಿದ ಪುಟಗಳಲ್ಲಿ ಗಂಡಸರು ತುಂಬಿದ್ದಾರೆ. ಸಭೆ, ಲೆಕ್ಕ, ಕುರಿ, ರಸ್ತೆ. ನ್ಯೂಜಿಲೆಂಡ್ ಹೆಂಗಸರಿಗೆ 1893ರಲ್ಲೇ ಓಟು ಸಿಕ್ಕಿತ್ತು, ಯಾವ ದೇಶಕ್ಕಿಂತಲೂ ಮೊದಲು. ಅಂಥ ದೇಶದಲ್ಲೂ ಒಬ್ಬ ಹಳ್ಳಿ ಹೆಂಗಸು 'ನನಗೆ ಸುಸ್ತಾಗಿದೆ' ಎಂದು ಹೇಳಿಕೊಳ್ಳಲು ನನಗೆ ಆ ಹಾಳೆಯಲ್ಲಿ ಕಂಡ ಜಾಗ ಔಷಧಿ ಜಾಹೀರಾತು ಒಂದೇ.

ಶುಕ್ರವಾರ ಬೆಳಗ್ಗೆ ಹರಾಜು ಕಟ್ಟೆಗೆ ಹೋದೆವು. ನಿವೃತ್ತ ರೈತರೇ ಅಲ್ಲಿ ಗೈಡ್‌ಗಳು. ನಮಗೆ ಸಿಕ್ಕಿದವರು ಎಂಬತ್ತು ದಾಟಿದ ಅಜ್ಜ. ಕಟ್ಟಿಗೆಯ ಕಟಾಂಜನ ಹಾಕಿದ ದೊಡ್ಡಿಗಳು ಸಾಲು ಸಾಲಾಗಿ. ಮೇಲೆ ಹಲಗೆಯ ದಾರಿ. ಹರಾಜುದಾರ ಆ ಹಲಗೆಯ ಮೇಲೆ ನಡೆಯುತ್ತಾ ದೊಡ್ಡಿಯಿಂದ ದೊಡ್ಡಿಗೆ ಹೋಗುತ್ತಾನೆ, ಕೊಳ್ಳುವವರ ಗುಂಪು ಅವನ ಜೊತೆಗೇ ಸರಿಯುತ್ತದೆ. ಅವನ ಬಾಯಿಂದ ಬರುವುದು ಒಂದೇ ಉಸಿರಿನ ಲೆಕ್ಕ. ಕೂಗುವವರು ಯಾರೂ ಇಲ್ಲ. ಒಬ್ಬ ಗಲ್ಲ ಎತ್ತುತ್ತಾನೆ, ಇನ್ನೊಬ್ಬ ಕೈಲಿದ್ದ ಕಾಗದ ಅಲ್ಲಾಡಿಸುತ್ತಾನೆ. ಒಂದು ದೊಡ್ಡಿ ಕುರಿ ನಿಮಿಷದೊಳಗೆ ಕೈ ಬದಲಾಯಿಸಿತು.

ಅಜ್ಜ ನನ್ನ ಕೈ ಹಿಡಿದು ಒಂದು ಕುರಿಯ ಬೆನ್ನ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ ಇಡಿಸಿದರು. ಬೆರಳು ಒತ್ತು ಅಂದರು. ಉಣ್ಣೆಯ ಕೆಳಗೆ ಬೆನ್ನುಮೂಳೆಯ ತುದಿಗಳು ಸಿಗುತ್ತವೆ. ಚುಚ್ಚಿದರೆ ಬಡಕಲು. ದುಂಡಗೆ, ಮೆತ್ತಗೆ ಇದ್ದರೆ ಮೇವು ಹತ್ತಿದೆ. ಮೂಳೆಯೇ ಸಿಗದಿದ್ದರೆ ಕೊಬ್ಬು ಜಾಸ್ತಿ. ಆಮೇಲೆ ವಯಸ್ಸು ತಿಳಿಯುವುದು ಹೇಗೆ ಎಂದು ತುಟಿ ಸರಿಸಿ ಹಲ್ಲು ತೋರಿಸಿದರು. ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಎಂಟೂ ಬಂದು ಬಾಯಿ ಕೂಡಿದ್ದು. ನಮ್ಮಲ್ಲಿ ಎತ್ತಿಗೂ ಇದೇ ಲೆಕ್ಕ ಎಂದೆ. ಅಜ್ಜನ ಮುಖ ಅರಳಿತು. ಕೈ ತೊಳೆದ ಮೇಲೂ ಉಣ್ಣೆಯ ಜಿಡ್ಡು ಸಂಜೆಯವರೆಗೆ ಬೆರಳಲ್ಲಿತ್ತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹರಾಜು ಕಟ್ಟೆಗೆ ಹೋಗುವವರು ಇನ್ನೊಂದು ಜೊತೆ ಶೂ ಇಟ್ಟುಕೊಳ್ಳಿ, ಕಾರು ಹತ್ತುವ ಮೊದಲು ಬದಲಿಸಿ. ನಾವು ಬದಲಿಸಿಯೇ ಹತ್ತಿದೆವು, ಕೊಳೆ ಶೂಗಳನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟೆವು. ಆದರೂ ನಾವು ಕಾರು ವಾಪಸ್ ಕೊಟ್ಟ ಮೇಲೆ ಬಾಡಿಗೆ ಕಾರಿನವರು 'ಕುರಿ ವಾಸನೆ' ಎಂದು ಶುಚಿ ಮಾಡುವ ಶುಲ್ಕ ಹಾಕಿದರು. ಮೇಲ್ ಮೇಲೆ ಮೇಲ್ ಬರೆದರೂ ಕೇಳಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಾರು ಒಪ್ಪಿಸುವಾಗ ಬಾಗಿಲು ತೆಗೆಸಿ, ಅವರ ಎದುರಿಗೇ ಒಳಗಿನ ವಿಡಿಯೋ ಮಾಡಿಕೊಂಡು, ರಸೀದಿ ಬರೆಸಿಕೊಳ್ಳಿ. ಶೂ ತಳವನ್ನೂ ಚೆನ್ನಾಗಿ ಉಜ್ಜಿ ತೊಳೆಯಿರಿ, ವಿಮಾನ ನಿಲ್ದಾಣದಲ್ಲಿ ಜಮೀನಿಗೆ ಹೋಗಿದ್ದೀರಾ ಎಂದು ಕೇಳುತ್ತಾರೆ.

ಹರಾಜು ಮುಗಿದ ಮೇಲೆ ಅಜ್ಜ ಕಟ್ಟೆಯ ಕೆಫೆಗೆ ಕರೆದೊಯ್ದರು. ಅಲ್ಲಿನ ಚೀಸ್ ಸ್ಕೋನ್ ಬಿಸಿಬಿಸಿ, ನಾನು ಆ ದೇಶದಲ್ಲಿ ತಿಂದದ್ದರಲ್ಲೇ ಎಲ್ಲಕ್ಕಿಂತ ರುಚಿ. ಚಹಾ ಮಾತ್ರ ನೀರು. ನಿಮ್ಮ ಕಡೆ ಹರಾಜು ಹೇಗೆ ಎಂದು ಕೇಳಿದರು. ಘಾಟಿಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವುದನ್ನು ಅವರ ಕೈ ಹಿಡಿದೇ ತೋರಿಸಿದೆ.

"ಹಾಗಾದರೆ ಪಕ್ಕದವನಿಗೆ ಬೆಲೆ ಗೊತ್ತಾಗೋದಿಲ್ಲವಾ?"

"ಗೊತ್ತಾಗಬಾರದು ಅಂತಲೇ ಟವೆಲ್."

ಅಜ್ಜನಿಗೆ ಒಪ್ಪಿಗೆಯಾಗಲಿಲ್ಲ. ಅವರ ತಾತನ ಕಾಲದಲ್ಲಿ ವ್ಯಾಪಾರಿಗಳು ಮನೆ ಬಾಗಿಲಿಗೇ ಬರುತ್ತಿದ್ದರಂತೆ. ಕಾಡಿನ ನಡುವೆ ಒಂಟಿ ಮನೆ, ಪೇಟೆ ದರ ತಿಳಿಯದು, ಅವನು ಕೊಟ್ಟಷ್ಟು. "ಎಲ್ಲರ ಎದುರಿಗೆ ಬೆಲೆ ಕೂಗಿದ ಮೇಲೆ ತಾತ ನೆಮ್ಮದಿಯಾಗಿ ನಿದ್ದೆ ಮಾಡಿದರು" ಎಂದರು.

ನಾನು ರಾತ್ರಿ ಓದಿದ ಜಾಹೀರಾತುಗಳ ಮಾತು ತೆಗೆದೆ. ಮುಟ್ಟಿ ನೋಡದೆ, ಹಲ್ಲು ಎಣಿಸದೆ ಒಂದು ಕುರಿಮರಿಯನ್ನೂ ಕೊಳ್ಳದ ಜನ, ಒಳಗೇನಿದೆ ಎಂದು ಎಲ್ಲೂ ಬರೆಯದ ಸೀಸೆಯನ್ನು ಅಂಚೆಯಲ್ಲಿ ಹೇಗೆ ತರಿಸಿಕೊಂಡರು?

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಅಜ್ಜಿಯ ಅಡುಗೆಮನೆಯ ಕಿಟಕಿಯಲ್ಲಿ ಒಂದು ಟಾನಿಕ್ ಸೀಸೆ ಯಾವಾಗಲೂ ಇರ್ತಿತ್ತು" ಎಂದರು. ಡಾಕ್ಟರು ಕುದುರೆ ಮೇಲೆ ಬರಬೇಕು. ದುಡ್ಡು ಬೇಕು. ಅಜ್ಜಿಯೇ ಹೋಗುವುದಾದರೆ ಎರಡು ಹೊತ್ತು ಹಾಲು ಕರೆಯುವವರು ಯಾರು? ಮಧ್ಯಾಹ್ನ ಒಂದು ಚಮಚ ಕುಡಿದು ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರಂತೆ. ಔಷಧಿ ಕುಡಿದಿದ್ದಾಳೆ, ಕರೆಯಬೇಡಿ ಎಂದು ತಾತ ಮಕ್ಕಳನ್ನು ಗದರುತ್ತಿದ್ದರು. "ಚಮಚ ತೊಳೆದಿಡೋವರೆಗೆ ಯಾರೂ ಏನೂ ಕೇಳ್ತಿರಲಿಲ್ಲ. ಇಡೀ ದಿನದಲ್ಲಿ ಅಜ್ಜಿ ಕೂರ್ತಿದ್ದದ್ದು ಅಷ್ಟೇ."

ಆಮೇಲೆ ನಾವಿಬ್ಬರೂ ಬಹಳ ಹೊತ್ತು ಏನೇನೋ ಮಾತಾಡಿದೆವು. ಅವರ ಮೊಮ್ಮಗಳು ಈಗ ಪಶುವೈದ್ಯೆ. ಹಸುಗಳ ಕಿವಿಯಲ್ಲಿ ಈಗ ಎಲೆಕ್ಟ್ರಾನಿಕ್ ಓಲೆ, 2012ರಿಂದ ಕಡ್ಡಾಯ. ಯಾವ ಜಮೀನಿನಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲವೂ ದಾಖಲೆ. ಆದರೆ ನನ್ನ ಮನಸ್ಸು ಆ ಮೆಟ್ಟಿಲ ಹತ್ತಿರವೇ ನಿಂತಿತ್ತು. ಅಜ್ಜಿ ಮೂರ್ಖಳಲ್ಲ. ಆ ದುಡ್ಡಿಗೆ ಅವಳಿಗೆ ಸಿಕ್ಕಿದ್ದು ಹತ್ತು ನಿಮಿಷದ ವಿಶ್ರಾಂತಿ. ಮೋಸ ಇದ್ದದ್ದು ಮಾರಿದವರಲ್ಲಿ, ಮತ್ತು ಅದನ್ನು ನೋಡಿಯೂ ಸುಮ್ಮನಿದ್ದವರಲ್ಲಿ.

ಸುಮ್ಮನಿದ್ದದ್ದು ಎಷ್ಟು ವರ್ಷ! ಕುರಿಗೆ ಕಜ್ಜಿ ಹತ್ತಿದರೆ ದಂಡ ಹಾಕಲು ಆ ದೇಶದಲ್ಲಿ 19ನೇ ಶತಮಾನದಲ್ಲೇ ಸರ್ಕಾರಿ ಕುರಿ ಇನ್ಸ್‌ಪೆಕ್ಟರ್‌ಗಳಿದ್ದರು. 1890ರ ದಶಕದಲ್ಲಿ ಕಜ್ಜಿಯನ್ನು ದೇಶದಿಂದಲೇ ಓಡಿಸಿದರು. ಹೆಂಗಸರು, ಮಕ್ಕಳು ಕುಡಿಯುವ ಸೀಸೆಗೆ ಅಂಥ ಇನ್ಸ್‌ಪೆಕ್ಟರ್ ಇರಲಿಲ್ಲ. 1907ರಲ್ಲಿ ತೊಹುಂಗಾ ಸಪ್ರೆಷನ್ ಆಕ್ಟ್ ಬಂತು. ಅದು ಹಿಡಿದದ್ದು ತೊಹುಂಗಾ ಎಂಬ ಮಾವೊರಿ ನಾಟಿ ವೈದ್ಯರನ್ನು. ಜನ ಸಾಯುತ್ತಿದ್ದಾರೆ ಎಂಬ ಕಾಳಜಿಯಿಂದ ಕೆಲವು ಮಾವೊರಿ ಮುಖಂಡರೂ ಅದನ್ನು ಬೆಂಬಲಿಸಿದ್ದರು ನಿಜ. ಆದರೆ ಜಾಹೀರಾತಿನ ಸುಳ್ಳನ್ನು ಅಪರಾಧ ಎಂದ ಕ್ವ್ಯಾಕರಿ ಪ್ರಿವೆನ್ಷನ್ ಆಕ್ಟ್ ಬಂದದ್ದು ಅದಾದ ಮೇಲೆ, 1908ರಲ್ಲಿ. ಈ ಅನುಕ್ರಮ ನನಗೆ ಇನ್ನೂ ಜೀರ್ಣವಾಗಿಲ್ಲ. ತೊಹುಂಗಾ ಕಾಯಿದೆ 1962ರವರೆಗೆ ಇತ್ತು.

1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಇಂಥ ಔಷಧಿಗಳನ್ನು ಪರೀಕ್ಷೆ ಮಾಡಿಸಿ ಫಲಿತಾಂಶ ಅಚ್ಚು ಹಾಕಿಸಿತು. ಬೀಚಮ್ಸ್ ಗುಳಿಗೆಯಲ್ಲಿ ಸಿಕ್ಕಿದ್ದು ಮುಸಂಬರ (ಲೋಳೆಸರದ ಒಣಗಿದ ರಸ), ಶುಂಠಿ ಪುಡಿ, ಸಾಬೂನು. ಇಂಗ್ಲೆಂಡಿನಲ್ಲಿ 56 ಗುಳಿಗೆಯ ಡಬ್ಬಿಗೆ 1 ಶಿಲ್ಲಿಂಗ್ ಒಂದೂವರೆ ಪೆನ್ಸ್. ಒಳಗಿನ ಸಾಮಗ್ರಿಗೆ ಅರ್ಧ ಫಾರ್ದಿಂಗ್ (ಫಾರ್ದಿಂಗ್ ಎಂದರೆ ಕಾಲು ಪೆನ್ನಿ), ಅಂದರೆ ಬೆಲೆಯ 108ರಲ್ಲಿ ಒಂದು ಪಾಲು. ಆ ಡಬ್ಬಿ 'ಒಂದು ಗಿನಿ ಬಾಳುತ್ತದೆ' ಎಂಬುದು ಅವರ ಘೋಷಣೆ. 21 ಶಿಲ್ಲಿಂಗ್‌ನ ಗಿನಿ ಲೆಕ್ಕದಲ್ಲೇ ಆಗ ಜಾತಿ ಹೋರಿ, ಜಾತಿ ಟಗರುಗಳ ಹರಾಜು ಕೂಗುತ್ತಿದ್ದರು. ಗಿನಿ ಅಂದರೆ ಎಷ್ಟು ಬೆವರು ಎಂದು ಪ್ರತಿ ರೈತನಿಗೂ ಗೊತ್ತಿತ್ತು. ಆ ಮಾತನ್ನು ಆರಿಸಿಕೊಂಡವನಿಗೂ ಅದು ಗೊತ್ತಿದ್ದೇ ಇರಬೇಕು.

ಮರುದಿನ ಕೋಚ್ ಹೌಸ್ ಮ್ಯೂಸಿಯಂ ನೋಡಿದೆವು. ಹಳೆಯ ಕುದುರೆ ಗಾಡಿಗಳು, ಉಳುವ ಯಂತ್ರಗಳು, ಎಲ್ಲವನ್ನೂ ಎಷ್ಟು ಪ್ರೀತಿಯಿಂದ ಇಟ್ಟಿದ್ದಾರೆ! ಅರ್ಧ ದಿನವಾದರೂ ಇಟ್ಟುಕೊಂಡು ಹೋಗಿ. ಆ ರಾತ್ರಿ ವೆಲಿಂಗ್ಟನ್‌ನ ರೂಮಿನಲ್ಲಿ ಮತ್ತೆ ಪತ್ರಿಕೆ ತೆರೆದೆ, 1908ರ ನಂತರದ ಪುಟಗಳನ್ನು ಹುಡುಕಿಕೊಂಡು. ಹರಾಜಿನ ಪಟ್ಟಿ ಹಾಗೇ ಇದೆ. ಊರ ಸುದ್ದಿಯ ನಡುವೆ ಪೆಪ್ಪರ್‌ಮಿಂಟ್ ಕ್ಯೂರ್ ಕೂಡ ಹಾಗೇ ಇದೆ, ಅದೇ 1 ಶಿಲ್ಲಿಂಗ್ 6 ಪೆನ್ಸ್.