ಟ್ರಿಂಕೋಮಲಿಯಲ್ಲಿ ಮುರಿದ ಡಾಕ್, ನಮ್ಮಲ್ಲಿ 38 ಮಿಲಿಮೀಟರ್

ಹಡಗನ್ನು ರಿಪೇರಿಗೆ ನೀರಿನಿಂದ ಮೇಲೆತ್ತುವ ನಮ್ಮ ಫ್ಲೋಟಿಂಗ್ ಡಾಕ್‌ನಲ್ಲಿ (ತೇಲುವ ಡಾಕ್) ಡಿಫ್ಲೆಕ್ಷನ್, ಅಂದರೆ ಡಾಕ್ ನಡುವಿನಲ್ಲಿ ಜಗ್ಗಿದ ಅಳತೆ, ತೋರಿಸುವ ಅಲಾರಂ 40 ಮಿ.ಮೀ.ಗೆ ಇಟ್ಟಿತ್ತು. 38ಕ್ಕೆ ಬಂದಾಗ ಡಾಕ್‌ನ ಟ್ಯಾಂಕ್‌ಗಳಿಂದ ನೀರು ಹೊರಹಾಕುವ ಪಂಪ್ ನಿಲ್ಲಿಸಿದೆ. ಡಾಕಿಂಗ್ ಪ್ಲಾನ್ ಪ್ರಕಾರ ಆ ಹಂತದಲ್ಲಿ ಡಿಫ್ಲೆಕ್ಷನ್ 24 ಮಿ.ಮೀ. ಇರಬೇಕಿತ್ತು. ಹಡಗು ಬ್ಲಾಕ್‌ಗಳ ಮೇಲೆ ಪೂರ್ತಿ ಕೂತಾಗಿತ್ತು, ಪಾಂಟೂನ್ ಡೆಕ್ (ಡಾಕ್‌ನ ತಳದ ತೇಲುಪೆಟ್ಟಿಗೆಯ ಮೇಲ್ಮೈ) ಮಾತ್ರ ಇನ್ನೂ 60 ಸೆಂ.ಮೀ. ನೀರಿನಡಿಯಲ್ಲಿತ್ತು. ಸ್ಟೆಬಿಲಿಟಿ, ಅಂದರೆ ವಾಲದೆ ನಿಲ್ಲುವ ಶಕ್ತಿ, ಅತಿ ಕಡಿಮೆ ಇರುವ ಹೊತ್ತು ಅದೇ. ಪ್ಯಾನೆಲ್ ಮುಂದೆ ಕೂತಿದ್ದ ಆಪರೇಟರ್ "ಸಾರ್, ಮೂವತ್ತಾರು" ಎಂದು ಒಮ್ಮೆ ಹೇಳಿದ್ದ. "ಇರಲಿ, ಇಳಿಯುತ್ತೆ" ಅಂದೆ. ಅದು ಇಳಿಯಲಿಲ್ಲ.

ಫ್ಲೋಟಿಂಗ್ ಡಾಕ್‌ನಲ್ಲಿ ಕೆಲಸ ಮಾಡುವವರೆಲ್ಲ 8 ಆಗಸ್ಟ್ 1944ರಂದು ಟ್ರಿಂಕೋಮಲಿಯಲ್ಲಿ ಡಾಕ್ ಮುರಿದದ್ದನ್ನು ತಿಳಿದಿರಬೇಕು. ನಾನೂ ತಿಳಿದಿದ್ದೆ. ತಿಳಿದಿದ್ದೂ "ಇರಲಿ" ಅಂದದ್ದು ಇವತ್ತಿಗೂ ಚುಚ್ಚುತ್ತದೆ.

ಶ್ರೀಲಂಕಾದ ಪೂರ್ವ ತೀರದ ಆ ಬಂದರು ಆಳವಾದದ್ದು, ಸುತ್ತ ಗುಡ್ಡಗಳ ಮರೆ ಇರುವಂಥದ್ದು. 1795ರಲ್ಲಿ ಬ್ರಿಟಿಷರು ಅದನ್ನು ಡಚ್ಚರಿಂದ ಕಿತ್ತುಕೊಂಡರು. ಎರಡು ಮಹಾಯುದ್ಧಗಳ ನಡುವೆ ಅಲ್ಲಿನ ಕಾಡಿನೊಳಗೆ ಒಂದೊಂದೂ ಸುಮಾರು 12,000 ಟನ್ ಹಿಡಿಯುವ ಎಣ್ಣೆ ಟ್ಯಾಂಕ್‌ಗಳನ್ನು ಸಾಲುಸಾಲಾಗಿ ಕಟ್ಟಿದರು. ಎಣ್ಣೆ ಇತ್ತು, ಲಂಗರು ಹಾಕುವ ಜಾಗ ಇತ್ತು. ಯುದ್ಧನೌಕೆಯನ್ನು ಒಳಗೆ ತಂದು ನೀರು ಬಸಿದು ಒಣಗಿಸುವ ದೊಡ್ಡ ಡ್ರೈ ಡಾಕ್ ಇರಲಿಲ್ಲ. ಅದಕ್ಕೆಂದೇ ಸಿಂಗಪುರ ಇತ್ತು: ಸೆಂಬವಾಂಗ್‌ನ ಆರನೇ ಕಿಂಗ್ ಜಾರ್ಜ್ ಡಾಕ್, ಉದ್ದ 1,000 ಅಡಿ, 1938ರ ಫೆಬ್ರವರಿಯಲ್ಲಿ ತೆರೆದದ್ದು. ನಾಲ್ಕೇ ವರ್ಷಕ್ಕೆ, 15 ಫೆಬ್ರವರಿ 1942ರಂದು ಸಿಂಗಪುರ ಜಪಾನಿಗೆ ಶರಣಾಯಿತು, ಡಾಕ್ ಕೈಬಿಟ್ಟಿತು.

ಮುಂದಿನ ಏಟು ಟ್ರಿಂಕೋಮಲಿಗೇ ಬಿತ್ತು. 9 ಏಪ್ರಿಲ್ 1942ರಂದು ಜಪಾನಿನ ಅಡ್ಮಿರಲ್ ನಗುಮೋನ ವಿಮಾನಗಳು ಬಂದರಿನ ಮೇಲೆ ಬಾಂಬು ಹಾಕಿದವು. ಹಿಂದಿನ ರಾತ್ರಿಯೇ ಬಂದರು ಬಿಟ್ಟು ಹೊರಟಿದ್ದ ಬ್ರಿಟಿಷ್ ವಿಮಾನವಾಹಕ ಹಡಗು ಹರ್ಮಿಸ್ ಬಟ್ಟಿಕಲೋವಾದ ಬಳಿ ಮುಳುಗಿತು. ಬ್ರಿಟಿಷರ ಈಸ್ಟರ್ನ್ ಫ್ಲೀಟ್ ಆಫ್ರಿಕಾದ ಕಿಲಿಂಡಿನಿಗೆ ಸರಿದು, 1944ರ ಆರಂಭದಲ್ಲಷ್ಟೇ ಸಿಲೋನಿಗೆ ಮರಳಿತು. ಆ ಫ್ಲೀಟಿನ ದೊಡ್ಡ ಹಡಗುಗಳನ್ನು ಎತ್ತಲು ಟ್ರಿಂಕೋಮಲಿಯಲ್ಲಿ ಇದ್ದದ್ದು ಒಂದು ಫ್ಲೋಟಿಂಗ್ ಡಾಕ್.

ನೆಲ ಅಗೆದು ಕಟ್ಟಿದ ಡಾಕ್‌ಗೂ ತೇಲುವ ಡಾಕ್‌ಗೂ ಇರುವ ವ್ಯತ್ಯಾಸವನ್ನು ಯಾರ್ಡಿನ ಆಫೀಸಿನಲ್ಲಿ ಕೂತವರು ಮರೆಯುತ್ತಾರೆ. ಸೆಂಬವಾಂಗ್‌ನಲ್ಲಿ ಹಡಗಿನ ಭಾರ ಕೊನೆಗೆ ಭೂಮಿಗೆ ಹೋಗುತ್ತದೆ. ಫ್ಲೋಟಿಂಗ್ ಡಾಕ್‌ನಲ್ಲಿ ಭಾರ ಹೋಗುವುದು ನೀರಿಗೆ. ಹಡಗು ಭಾರ ಎಲ್ಲಿ ಇಳಿಸುತ್ತದೋ ಅಲ್ಲೇ ಕೆಳಗಿನಿಂದ ತೇಲುಬಲ ಸಿಗುವಂತೆ ಡಾಕ್‌ನೊಳಗಿನ ನೀರಿನ ಟ್ಯಾಂಕ್ ಖಾಲಿ ಮಾಡಬೇಕು, ಹಡಗಿಲ್ಲದ ತುದಿಗಳಲ್ಲಿ ನೀರು ಉಳಿಸಬೇಕು. ಎಲ್ಲ ಟ್ಯಾಂಕನ್ನೂ ಒಂದೇ ಸಮ ಖಾಲಿ ಮಾಡಿದರೆ ತುದಿಗಳು ಮೇಲೇಳುತ್ತವೆ, ನಡು ಜಗ್ಗುತ್ತದೆ. ಆಗ ಪಾಂಟೂನ್‌ನ ತಳದ ಪ್ಲೇಟು ಎಳೆತಕ್ಕೆ ಸಿಗುತ್ತದೆ, ವಿಂಗ್ ವಾಲ್‌ನ (ಡಾಕ್‌ನ ಪಕ್ಕದ ಗೋಡೆ) ಮೇಲಂಚು ಒತ್ತಡಕ್ಕೆ ಸಿಗುತ್ತದೆ. ಡಾಕ್‌ನ ಒಟ್ಟು ಎತ್ತುವ ಶಕ್ತಿ ಸಾಕಷ್ಟಿದ್ದೂ ಬೆನ್ನು ಮುರಿಯುವುದು ಹೀಗೆ. ಕಾರವಾರದ 10,000 ಟನ್ನಿನ ಶಿಪ್‌ಲಿಫ್ಟ್‌ನಂಥ (ಹಡಗೆತ್ತುವ ವೇದಿಕೆ) ಕಡೆ ಪ್ಲಾಟ್‌ಫಾರ್ಮನ್ನು ವಿಂಚ್‌ಗಳು ಎತ್ತುತ್ತವೆ, ಎಲ್ಲಿ ಎಷ್ಟು ಭಾರ ಬಿತ್ತೆಂದು ವಿಂಚೇ ಹೇಳಬಲ್ಲದು. ನಮಗೆ ಇರುವುದು ಟ್ಯಾಂಕ್ ಲೆವೆಲ್ ಮತ್ತು ಡಿಫ್ಲೆಕ್ಷನ್ ಮಾತ್ರ.

ಆ ಆಗಸ್ಟ್‌ನಲ್ಲಿ ಡಾಕ್ ಏರಿದ್ದು ಯುದ್ಧನೌಕೆ ವ್ಯಾಲಿಯಂಟ್. ಎರಡು ವಾರದ ಹಿಂದೆ, ಜುಲೈ 25ರಂದು, ಸುಮಾತ್ರಾದ ತುದಿಯ ಸಬಾಂಗ್ ಮೇಲೆ ಗುಂಡಿನ ದಾಳಿ ಮಾಡಿ ಬಂದ ಹಡಗು. ಪೂರ್ತಿ ತುಂಬಿದರೆ 35,000 ಟನ್ ಮೀರುತ್ತಿತ್ತು. ಮುಂದೆ ಎರಡು, ಹಿಂದೆ ಎರಡು ಜೋಡಿ ಫಿರಂಗಿ ಗೋಪುರ. ಒಂದೊಂದೂ 700 ಟನ್‌ಗೂ ಹೆಚ್ಚು. 15 ಇಂಚಿನ ಒಂದು ಗುಂಡಿನ ತೂಕ 879 ಕಿಲೊ. ಎಂಟು ಫಿರಂಗಿಗೆ ತಲಾ 100 ಗುಂಡು ಹಿಡಿದರೆ ಗುಂಡುಗಳೇ 700 ಟನ್, ಅದೂ ಗೋಪುರಗಳ ಕೆಳಗೇ. ಅಂದರೆ ಭಾರ ಉದ್ದಕ್ಕೂ ಸಮನಾಗಿ ಹರಡಿರಲಿಲ್ಲ, ಗುಡ್ಡೆಗುಡ್ಡೆಯಾಗಿ ಕೂತಿತ್ತು. ಮದ್ದುಗುಂಡು ಇಳಿಸದೆಯೇ ಹಡಗನ್ನು ಒಳಗೆ ತಂದರು. ಅದರ ಭಾರದ ಹಂಚಿಕೆಗೆ ಹೊಂದದ ಕ್ರಮದಲ್ಲಿ ಟ್ಯಾಂಕ್‌ಗಳನ್ನು ಖಾಲಿ ಮಾಡಿದರು. ಡಾಕ್ ತುದಿಗಳಲ್ಲಿ ತಡೆಯಲಾರದಷ್ಟು ಬಾಗಿತು, ಬೆನ್ನು ಮುರಿದು ಮುಳುಗಿತು. ವ್ಯಾಲಿಯಂಟ್‌ನ ಒಳಬದಿಯ ಎರಡು ಪ್ರೊಪೆಲರ್, ಒಂದು ರಡ್ಡರ್ (ಚುಕ್ಕಾಣಿ) ಜಾಮ್ ಆದವು. ಬಾಯ್ಲರ್‌ಗಳಲ್ಲಿ ಹಬೆ ಇಟ್ಟುಕೊಂಡಿದ್ದರಿಂದ ಹಡಗು ಇನ್ನೂ ದೊಡ್ಡ ಹಾನಿಯಿಂದ ಪಾರಾಯಿತು. ರಿಪೇರಿಗೆ ಅಲೆಕ್ಸಾಂಡ್ರಿಯಾಕ್ಕೆ ಒಯ್ಯಲು ಹೊರಟರೆ ಸೂಯೆಜ್ ಕಾಲುವೆಯಲ್ಲಿ ನೆಟ್ಟಗೆ ನಡೆಸುವಷ್ಟು ಸ್ಟಿಯರಿಂಗ್ ಉಳಿದಿರಲಿಲ್ಲ. ಶತ್ರುವಿನ ಒಂದು ಗುಂಡೂ ತಾಗದೆ ಒಂದು ಯುದ್ಧನೌಕೆ, ಒಂದು ಡಾಕ್ ಎರಡೂ ಲೆಕ್ಕದಿಂದ ಹೊರಗಾದವು. 1945ರ ಜನವರಿಯಲ್ಲಿ ಬ್ರಿಟಿಷ್ ಪೆಸಿಫಿಕ್ ಫ್ಲೀಟ್ ಇದೇ ಬಂದರಿನಿಂದ ಪೂರ್ವಕ್ಕೆ ಹೊರಟಾಗ ವ್ಯಾಲಿಯಂಟ್ ಅದರಲ್ಲಿ ಇರಲಿಲ್ಲ.

ನಮ್ಮ ಹಡಗಿನ ಮೇಲೆ ಫಿರಂಗಿ ಗೋಪುರ ಇರಲಿಲ್ಲ. 115 ಮೀಟರಿನ, ಪೆಟ್ರೋಲ್-ಡೀಸೆಲ್ ಸಾಗಿಸುವಂಥ ಪ್ರಾಡಕ್ಟ್ ಟ್ಯಾಂಕರ್, ಡಾಕ್ 140 ಮೀಟರ್, ಏಳು ಸಾಲು ಟ್ಯಾಂಕ್. ಹಡಗಿನ ಚೀಫ್ ಆಫೀಸರ್ ಕಳಿಸಿದ ಭಾರದ ವಿವರದಲ್ಲಿ ಸರಾಸರಿ ಡ್ರಾಫ್ಟ್ (ನೀರಿನಲ್ಲಿ ಮುಳುಗಿದ ಆಳ) 3.40 ಮೀ., ಡಿಸ್‌ಪ್ಲೇಸ್‌ಮೆಂಟ್ (ಹಡಗಿನ ಒಟ್ಟು ತೂಕ) 5,200 ಟನ್. ಬೆಳಿಗ್ಗೆ ದೋಣಿಯಿಂದ ನಾವೇ ಓದಿದಾಗ 3.53. ಟ್ರಿಮ್ (ಮುಂದೆ-ಹಿಂದಿನ ಓರೆ) ಸರಿಯಾಗಿ ತಾಳೆಯಾಗುತ್ತಿತ್ತು. 13 ಸೆಂ.ಮೀ. ವ್ಯತ್ಯಾಸ ಕಂಡರೂ, ನಮ್ಮದು ನದಿಮುಖ, ಮಳೆಗಾಲ, ನೀರು ಸಪ್ಪೆ, ಹಡಗು ಸ್ವಲ್ಪ ಆಳಕ್ಕೆ ಕೂರುವುದು ಸಹಜ ಎಂದು ಮುಂದೆ ಹೋದೆ. ಬಕೆಟ್ ಇಳಿಸಿ ಸಾಂದ್ರತೆ ಅಳೆಯುವ ಹೈಡ್ರೊಮೀಟರ್ ಅದ್ದಲು ಐದು ನಿಮಿಷ ಸಾಕಿತ್ತು. ಪ್ರಿ-ಡಾಕಿಂಗ್ ಮೀಟಿಂಗ್ ಇಪ್ಪತ್ತೇ ನಿಮಿಷ, ಅದರಲ್ಲಿ ಹದಿನೈದು ಟಗ್ ಬಾಡಿಗೆಗೆ ಹೋಯಿತು. ಆದರೂ ಲೆಕ್ಕ ಮಾಡದೆ ಬಿಟ್ಟವನು ನಾನೇ.

ಆ ಲೆಕ್ಕವನ್ನು ಆಮೇಲೆ ಮಾಡಿದೆ. ಸಾಂದ್ರತೆ 1.010. ಸಮುದ್ರದ 1.025ಕ್ಕೆ ಹೋಲಿಸಿದರೆ ಒಂದೂವರೆ ಶೇಕಡಾ ವ್ಯತ್ಯಾಸ. 5,200 ಟನ್ನಿಗೆ ಅದು 78 ಟನ್. ಹಡಗು ಒಂದು ಸೆಂಟಿಮೀಟರ್ ಮುಳುಗಲು 18 ಟನ್ ಬೇಕು, ಅದರಂತೆ ನಾಲ್ಕೂಕಾಲು ಸೆಂ.ಮೀ. ಮಾತ್ರ. ಉಳಿದ ಎಂಟೂವರೆ ಚಿಲ್ಲರೆ ಸೆಂ.ಮೀ. ಅಂದರೆ 155 ಟನ್ ನಿಜವಾದ ಭಾರ. ಖಾಲಿ ಎಂದು ಬರೆದಿದ್ದ ಮೂರನೇ ಡಬಲ್ ಬಾಟಮ್ ಟ್ಯಾಂಕ್‌ಗಳು (ಹಡಗಿನ ತಳದವು) ಎರಡೂ ಬದಿ ತುಂಬಿದ್ದವು. ಅವು ಹಡಗಿನ ನಟ್ಟನಡುವೆ ಇದ್ದದ್ದರಿಂದಲೇ ಟ್ರಿಮ್ ಕದಲಲಿಲ್ಲ. ಮೂತಿಯ ತುದಿಯ ಟ್ಯಾಂಕಾದ ಫೋರ್‌ಪೀಕ್‌ನಲ್ಲಿ ಇದ್ದಿದ್ದರೆ ಮೂಗು ತಗ್ಗಿ ಕುರುಡನಿಗೂ ಗೊತ್ತಾಗುತ್ತಿತ್ತು. ಡಾಕ್ ಜಗ್ಗುವುದೂ ನಡುವಿನಲ್ಲೇ.

ಪಂಪ್ ನಿಲ್ಲಿಸಿದ ಮೇಲೆ ಹನ್ನೊಂದು ನಿಮಿಷ ನಡೆದದ್ದು ಇಷ್ಟು. ಮೊದಲು ಎಲ್ಲ ವಾಲ್ವ್ ಮುಚ್ಚಿಸಿ ಲಿಸ್ಟ್ (ಪಕ್ಕಕ್ಕೆ ವಾಲಿದ್ದು) ನೋಡಿದೆವು: ಸೊನ್ನೆ. ಹೊಸ ಟ್ಯಾಂಕ್ ತೆರೆದರೆ ಫ್ರೀ ಸರ್ಫೇಸ್, ಅಂದರೆ ಅತ್ತಿತ್ತ ಹರಿದು ಡಾಕ್‌ನ ಸ್ಟೆಬಿಲಿಟಿ ಕೆಡಿಸುವ ನೀರಿನ ಮೇಲ್ಮೈ, ಹೆಚ್ಚುತ್ತದೆ, ಆ ಹಂತದಲ್ಲಿ ಅದು ಬೇಡ. ಹಾಗಾಗಿ ಡಾಕ್‌ನ ಎರಡು ತುದಿಗಳ, ಆಗಲೇ ಅರ್ಧ ತುಂಬಿದ್ದ 1 ಮತ್ತು 7ನೇ ಸಾಲಿಗೇ ಎರಡೂ ಬದಿ ಸಮನಾಗಿ ನೀರು ಬಿಟ್ಟೆವು. 38, 36, 33, 31ಕ್ಕೆ ನಿಂತಿತು. ಆಮೇಲೆ 3, 4, 5ನೇ ಸಾಲಿನ ನಡುವಿನ ಟ್ಯಾಂಕ್‌ಗಳನ್ನು ಒಂದೇ ಪಂಪಿನಲ್ಲಿ ನಿಧಾನಕ್ಕೆ ಇಳಿಸಿದೆವು. 26ಕ್ಕೆ ಬಂದ ಮೇಲೇ ಡೆಕ್ ನೀರಿನಿಂದ ಹೊರಬಂತು. ನಡುವಿನ ಆರು ಬ್ಲಾಕ್‌ಗಳ ಮೆದುಮರದ ಕ್ಯಾಪ್ 15 ಮಿ.ಮೀ. ಚಪ್ಪಟೆಯಾಗಿದ್ದವು.

ಈಗ ಆರೂ ಡ್ರಾಫ್ಟ್ ಓದದೆ, ನಡುವಿನ ಎರಡೂ ಸೇರಿ, ಹಡಗನ್ನು ಡಾಕ್‌ನ ಬಾಯಿಗೆ ತರುವುದಿಲ್ಲ. ಹಡಗಿನ ಪ್ರತಿ ಟ್ಯಾಂಕಿನ ಸೌಂಡಿಂಗ್‌ಗೂ (ಒಳಗೆಷ್ಟಿದೆ ಎಂದು ಅಳೆಯುವುದು) ನಮ್ಮವನೊಬ್ಬ ಟೇಪ್ ಹಿಡಿದು ಹೋಗುತ್ತಾನೆ. ಪ್ಲಾನ್‌ಗಿಂತ 5 ಮಿ.ಮೀ. ಹೆಚ್ಚಾದರೆ ಪಂಪ್ ನಿಲ್ಲುತ್ತದೆ, ಅಲಾರಂಗೆ ಕಾಯುವುದಿಲ್ಲ. ಆಪರೇಟರ್ ನಿಲ್ಲಿಸಿದರೆ ಯಾಕೆಂದು ಯಾರೂ ಕೇಳುವಂತಿಲ್ಲ.

ಟ್ರಿಂಕೋಮಲಿಯ ನೆಲೆಯನ್ನು ಬ್ರಿಟನ್ 15 ಅಕ್ಟೋಬರ್ 1957ರಂದು ಸಿಲೋನಿಗೆ ಒಪ್ಪಿಸಿತು. ಡಾಕ್‌ಯಾರ್ಡ್‌ನಲ್ಲಿ ಈಗ ಶ್ರೀಲಂಕಾ ನೌಕಾಪಡೆ ಇದೆ. ಕಾಡಿನ ಟ್ಯಾಂಕ್‌ಗಳಲ್ಲಿ 99 ಉಳಿದಿವೆ. 2022ರ ಜನವರಿಯ ಒಪ್ಪಂದದಲ್ಲಿ 14 ಲಂಕಾ ಇಂಡಿಯನ್ ಆಯಿಲ್‌ಗೆ, 24 ಸಿಲೋನ್ ಪೆಟ್ರೋಲಿಯಂ ಕಾರ್ಪೊರೇಷನ್‌ಗೆ, 61 ಇಬ್ಬರ ಜಂಟಿ ಕಂಪನಿಗೆ ಹೋದವು. ಎಣ್ಣೆ ಟ್ಯಾಂಕ್‌ಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಮುಳುಗಿದ ಡಾಕ್ ಬಗ್ಗೆ ಬರೆಯುವವರು ಕಡಿಮೆ.

ಡಾಕಿಂಗ್ ಫಾರ್ಮ್‌ನಲ್ಲಿ ಸಾಂದ್ರತೆಗೊಂದು ಕಾಲಂ ಬೇಕೆಂದು ಕೇಳಿ ಏಳು ತಿಂಗಳಾಯಿತು, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಹಾಳೆಯ ಅಂಚಿನಲ್ಲಿ ಪೆನ್ನಿನಲ್ಲೇ ಬರೆಯುತ್ತಿದ್ದೇವೆ. ಇವತ್ತು ಬೆಳಿಗ್ಗೆ 1.014 ಇತ್ತು.